ಸಪ್ಪೆ ನೀರಿನ ಏಡಿ

ನಾವು ಬಾಡಿಗೆಗಿರುವ ಕಾಂದಿವಲಿಯ ಬಿಲ್ಡಿಂಗಿಗೆ ಮೊಟ್ಟೆಯೂ ಬರುವಂತಿಲ್ಲ. ಶಾಕಾಹಾರಿಗಳಿಗೆ ಮಾತ್ರ ಮನೆ ಎಂಬುದು ಸೊಸೈಟಿಯ ನಿಯಮ. ನಾವು ಬೆಳಗಾವಿ ಕಡೆಯ ಲಿಂಗಾಯತರು ಎಂದು ತಿಳಿದ ಮೇಲೆಯೇ ಸೆಕ್ರೆಟರಿ ಒಳಗೆ ಕರೆದು ಚಹಾ ಕೊಟ್ಟದ್ದು. ನಾನೇನು ಕೆಲಸ ಮಾಡುತ್ತೇನೆಂದು ಅವರು ಕೇಳಿದಾಗ ಗಂಡ ನನಗಿಂತ ಮೊದಲೇ ಬಾಯಿ ಹಾಕಿ, "ಕಾಲೇಜ್ ಮೇ ಸೈನ್ಸ್ ಪಢಾತೀ ಹೈ" ಎಂದುಬಿಟ್ಟ. ಆಗ ನಾನು ಪಾಠ ಹೇಳುತ್ತಿರಲಿಲ್ಲ. ಲ್ಯಾಬಿನಲ್ಲಿ ಏಡಿ ಕೊಯ್ಯುತ್ತಿದ್ದೆ.

ಸಮುದ್ರ ಊರೊಳಗೆ ಚಾಚಿಕೊಂಡ ಹಿನ್ನೀರಿಗೆ ಇಲ್ಲಿ ಖಾಡಿ ಎನ್ನುತ್ತಾರೆ; ಅದರ ಕೆಸರಿನಲ್ಲಿ ಬಿಲ ತೋಡಿಕೊಂಡಿರುವ ದೊಡ್ಡ ಹಸಿರು ಏಡಿ ನನ್ನ ವಿಷಯ. ಮಳೆಗಾಲ ಬಂತೆಂದರೆ ಖಾಡಿಯ ಉಪ್ಪು ನೀರು ಸಪ್ಪೆಯಾಗುತ್ತದೆ. ಏಡಿಯ ರಕ್ತ ಮಾತ್ರ ಉಪ್ಪಾಗಿಯೇ ಉಳಿಯಬೇಕು, ಇಲ್ಲವಾದರೆ ಅದು ನೀರು ಕುಡಿದು ಉಬ್ಬಿ ಸಾಯುತ್ತದೆ. ಅದಕ್ಕಾಗಿ ಅದರ ಕಿವಿರು ಬಿಡುವಿಲ್ಲದೆ ಸುತ್ತಲಿನ ನೀರಿನಿಂದ ಉಪ್ಪನ್ನು ಹೆಕ್ಕಿ ಒಳಗೆಳೆಯುತ್ತಿರುತ್ತದೆ. ಇದು ಸಾಲದೆಂಬಂತೆ ಬೆಳೆಯಬೇಕೆಂದರೆ ಅದು ಚಿಪ್ಪನ್ನೂ ಕಳಚಬೇಕು. ಚಿಪ್ಪು ಬೆಳೆಯುವುದಿಲ್ಲ, ಒಳಗಿರುವುದು ಬೆಳೆಯುತ್ತದೆ. ಒಂದು ದಿನ ಹಿಂಭಾಗದ ಸಂದು ಬಿರಿದು, ಏಡಿ ಹಿಮ್ಮುಖವಾಗಿ ತನ್ನ ಚಿಪ್ಪಿನಿಂದ ತಾನೇ ಹೊರಗೆ ಬರುತ್ತದೆ. ಕಾಲಿನ, ಕೊಂಡಿಯ, ಕಣ್ಣಿನ ಮೇಲಿನ ಹೊದಿಕೆಯವರೆಗೆ ಎಲ್ಲ ಹಳೆಯ ಚಿಪ್ಪಿನಲ್ಲೇ ಉಳಿಯುತ್ತದೆ, ನೋಡಿದರೆ ಇಡೀ ಏಡಿಯೇ ಕೂತಂತಿರುತ್ತದೆ. ಹೊರಬಂದದ್ದು ನೆನೆದ ರೊಟ್ಟಿಯಷ್ಟು ಮೆತ್ತಗಿರುತ್ತದೆ. ಆ ಮೆತ್ತಗಿನ ಹೊತ್ತಿನಲ್ಲಿ, ಸಪ್ಪೆ ನೀರಿನಲ್ಲಿ, ಕಿವಿರು ತನ್ನ ಕೆಲಸ ಮಾಡುತ್ತದೋ ಕೈ ಬಿಡುತ್ತದೋ ಎನ್ನುವುದು ನನ್ನ ಪ್ರಶ್ನೆಯಾಗಿತ್ತು.

ಇದರಿಂದ ಯಾರಿಗೇನು ಉಪಯೋಗ ಎಂದು ಕೇಳುವವರಿಗೆ ಕೊರತೆಯಿರಲಿಲ್ಲ. ಮೊದಮೊದಲು ತಾಳ್ಮೆಯಿಂದ ವಿವರಿಸುತ್ತಿದ್ದೆ: ಮಳೆ ಅತಿಯಾದ ವರ್ಷ, ಊರಿನ ಗಟಾರವೆಲ್ಲ ಖಾಡಿಗೆ ನುಗ್ಗಿದ ವರ್ಷ, ಏನು ಉಳಿಯುತ್ತದೆ ಏನು ಅಳಿಯುತ್ತದೆ ಎಂದು ತಿಳಿಯಬೇಡವೇ ಅಂತ. ಆಮೇಲೆ ಸಿಟ್ಟು ಬರತೊಡಗಿತು. ಕ್ರಿಕೆಟ್ ನೋಡಿದರೆ ಏನು ಉಪಯೋಗ ಎಂದು ನಾನು ಯಾರನ್ನೂ ಕೇಳಿದವಳಲ್ಲ. ನಿಜ ಹೇಳಬೇಕೆಂದರೆ ನನಗೆ ಆ ಪ್ರಾಣಿ ಇಷ್ಟ. ಮುಟ್ಟಲು ಹೋದರೆ ಕೊಂಡಿ ಎತ್ತುತ್ತದೆ, ಬೇಡವಾದರೆ ಬಿಲಕ್ಕೆ ಹೋಗಿ ಕೂರುತ್ತದೆ. ಎರಡೂ ನನಗೆ ಬೇಕೆನಿಸುವ ಗುಣಗಳೇ.

ಆ ವರ್ಷ ಎಲ್ಲವೂ ಒಂದೇ ಏಡಿಯ ಮೇಲೆ ನಿಂತಿತ್ತು. ಉಪ್ಪಿನ ಬೇರೆ ಬೇರೆ ಮಟ್ಟದ ಗುಂಪುಗಳಲ್ಲಿ ಅಳತೆಯೆಲ್ಲ ಮುಗಿದಿತ್ತು. ಅತಿ ಸಪ್ಪೆ ನೀರಿನ ಗುಂಪಿನಲ್ಲಿ ಮಾತ್ರ ಕೆಲವು ಏಡಿಗಳು ಚಿಪ್ಪು ಕಳಚುವಾಗ ಅರ್ಧಕ್ಕೆ ಸಿಕ್ಕಿಕೊಂಡು ಸತ್ತಿದ್ದವು. ಕನಿಷ್ಠ ಇಷ್ಟಾದರೂ ಇರಬೇಕು ಎಂಬ ಲೆಕ್ಕಕ್ಕೆ ಒಂದು ಕಡಿಮೆಯಿತ್ತು. ಆ ಒಂದು ಸಿಕ್ಕಿದರೆ ಪ್ರಾಜೆಕ್ಟ್ ಮುಂದುವರಿಯುತ್ತದೆ, ಸಿಗದಿದ್ದರೆ ಇಲ್ಲ ಎಂದು ನಮ್ಮ ಗೈಡ್ ಹೇಳಿಬಿಟ್ಟಿದ್ದರು. ಇಲ್ಲವೆಂದಾದರೆ ನನಗೆ ಕಾದಿದ್ದದ್ದು ಕಾಂದಿವಲಿಯ ಒಂದು ಕೋಚಿಂಗ್ ಕ್ಲಾಸು. ಮೆಡಿಕಲ್ ಪ್ರವೇಶಕ್ಕೆ ಓದುವವರಿಗೆ ಜೀವಶಾಸ್ತ್ರ ಹೇಳುವ ಕೆಲಸ. ಹೋಗಿ ನೋಡಿಯೂ ಬಂದಿದ್ದೆ. ಕಿಟಕಿಯಿಲ್ಲದ ಕೋಣೆ, ಎರಡು ಏಸಿ, ಗೋಡೆಯ ಮೇಲೆ ಪಾಸಾದವರ ಫೋಟೋಗಳು. ಅವರ ಪುಸ್ತಕದಲ್ಲಿ ಏಡಿಯ ಬಗ್ಗೆ ಇದ್ದದ್ದು ಒಂದು ಸಾಲು. ಅದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತ ಮುದುಕಿಯಾಗುವುದನ್ನು ನೆನೆದರೆ ಉಸಿರು ಕಟ್ಟುತ್ತಿತ್ತು.

ಉಸಿರು ಕಟ್ಟಲು ಮನೆಯಲ್ಲಿಯೂ ಕಾರಣವಿತ್ತು. ಗಂಡನನ್ನು ಅವನ ಕಂಪನಿಯವರು ಮಳೆಗಾಲ ಮುಗಿಯುವ ತನಕ ನಾಗಪುರಕ್ಕೆ ಕಳಿಸಿದ್ದರು. ಅತ್ತೆ ಮೊಣಕಾಲಿನ ಆಪರೇಷನ್ನಿಗೆಂದು ಬಂದಿದ್ದರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಅವರು ಆಸ್ಪತ್ರೆಯಿಂದ ಬಂದು ಆರನೆಯ ಮಹಡಿ ಸೇರಿದ ವಾರದಲ್ಲೇ ಸೊಸೈಟಿಯವರು ಹಳೆಯ ಲಿಫ್ಟನ್ನು ಕಿತ್ತುಹಾಕಿದರು. ಹೊಸದು ಇವತ್ತು ಬರುತ್ತದೆ ನಾಳೆ ಬರುತ್ತದೆ ಎನ್ನುತ್ತಲೇ ಮಳೆ ಹಿಡಿಯಿತು. ಮೆಟ್ಟಿಲು ಇಳಿಯಕೂಡದೆಂದು ಡಾಕ್ಟರು ಹೇಳಿದ್ದರು. ಊರಿನಲ್ಲಿ ಬೆಳಗಾದರೆ ನಾಲ್ಕು ಮನೆ ತಿರುಗಿ ಬರುತ್ತಿದ್ದ ಹೆಂಗಸು ಇಲ್ಲಿ ಎರಡು ಕೋಣೆ, ಒಂದು ಬಾಲ್ಕನಿಯೊಳಗೆ ಸಿಕ್ಕಿಕೊಂಡರು. ಹಿಂದಿ ಬಾರದು. ಟಿವಿಯಲ್ಲಿ ಬರುವ ಕನ್ನಡ ಅವರಿಗೆ ಕನ್ನಡವೆಂದೇ ಅನ್ನಿಸುತ್ತಿರಲಿಲ್ಲ. ಬಾಲ್ಕನಿಯ ಕಟ್ಟೆಯ ಮೇಲೆ ಹಳೆಯ ಪೇಂಟ್ ಡಬ್ಬಿಯಲ್ಲಿ ಅವರೇ ನೆಟ್ಟ ಬಿಲ್ವಪತ್ರಿ ಗಿಡವಿತ್ತು. ಪೂಜೆಗೆ ಅದರಿಂದ ಎಲೆ ಕೊಯ್ದುಕೊಂಡರೆ ಅವರ ದಿನದ ಕೆಲಸ ಮುಗಿಯಿತು. ಉಳಿದ ಹೊತ್ತೆಲ್ಲ ನನ್ನನ್ನು ಕಾಯುವುದು.

"ಜೇಲಿನ್ಯಾಗ ಇದ್ದವರಿಗರ ಮಂದಿ ಭೆಟ್ಟಿಗೆ ಬರ್ತಾರ ತಂಗಿ" ಎಂದರು ಒಮ್ಮೆ. ನಾನು ಲೋಕಲ್ ರೈಲಿನಲ್ಲಿ ನಿಂತು ಬಂದವಳು, ಕಾಲು ನೋಯುತ್ತಿತ್ತು. "ನನ್ನ ಭೆಟ್ಟಿಗೂ ಯಾರೂ ಬರೂದಿಲ್ರಿ ಅತ್ತಿ" ಎಂದೆ. ಅವರು ದಿನವಿಡೀ ಕೂಡಿಟ್ಟ ಮಾತನ್ನು ನಾನು ಬಾಗಿಲು ತೆಗೆದ ಕೂಡಲೇ ಬಿಚ್ಚುತ್ತಿದ್ದರು, ನಾನು ಹೂಂಗುಟ್ಟುತ್ತ ಕುಕ್ಕರ್ ಇಡುತ್ತಿದ್ದೆ. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ. ಅಷ್ಟು ಸಣ್ಣ ಮನೆಯಲ್ಲಿ ಜಗಳವಾಡಿದರೆ ಆಮೇಲೆ ಮುಖ ತಿರುಗಿಸಿಕೊಂಡು ಕೂರಲು ಜಾಗವೆಲ್ಲಿ?

ಆಷಾಢ ಮುಗಿಯುವ ಹೊತ್ತಿಗೆ ನಮ್ಮ ಲ್ಯಾಬಿನಲ್ಲಿ ತೊಟ್ಟಿಗಳಿದ್ದ ಕೋಣೆಯ ಸ್ಲ್ಯಾಬಿನ ಒಂದು ತುಂಡು ಕಳಚಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಕಟ್ಟಡ ಅಪಾಯಕಾರಿ ಎಂದು ಬೋರ್ಡು ನೇತುಹಾಕಿ, ಕರೆಂಟು ತೆಗೆದು, ಬೀಗ ಜಡಿಯುತ್ತೇವೆ ಎಂದರು. ಜೊತೆಯವರು ತಮ್ಮ ತಮ್ಮ ಪ್ರಾಣಿಗಳನ್ನು ಬೇರೆ ಬೇರೆ ಕಡೆ ಸಾಗಿಸಿದರು. ನನ್ನ ಕೊನೆಯ ಏಡಿಯನ್ನು ಮಾತ್ರ ಎಲ್ಲಿಗೂ ಕಳಿಸುವಂತಿರಲಿಲ್ಲ. ಅದು ಸಪ್ಪೆ ನೀರಿಗೆ ಹೊಂದಿಕೊಂಡು ಗಟ್ಟಿಯಾಗಿ ಕೂತಿತ್ತು, ತಿನ್ನುವುದನ್ನು ಬಿಟ್ಟಿತ್ತು, ಹಿಂಗಾಲಿನ ಅಂಚಿನಲ್ಲಿ ಒಳಗಿನ ಹೊಸ ಚಿಪ್ಪಿನ ಗೆರೆ ಕಾಣಿಸಿಕೊಂಡಿತ್ತು. ಇನ್ನು ಕೆಲವೇ ದಿನ. ಅದನ್ನು ಯಾರ ಮನೆಯಲ್ಲಿಡುವುದು ಎಂಬ ಮಾತು ಬಂತು. "ನಮ್ಮ ಮನೆಗೆ ತಂದರೆ ಅಪ್ಪ ರಸ್ಸಾ ಮಾಡಿ ತಿಂದುಬಿಡುತ್ತಾರೆ" ಎಂದ ಜೊತೆಯವನೊಬ್ಬ. "ತಿನ್ನದವರ ಮನೆಯೇ ಅದಕ್ಕೆ ಸೇಫ್."

ಹೀಗೆ ಶಾಕಾಹಾರಿ ಬಿಲ್ಡಿಂಗಿಗೆ ಏಡಿ ಬಂತು. ಕುರ್ಲಾದಲ್ಲಿ ಮೀನಿನ ತೊಟ್ಟಿ ಮಾರುವ ಅಂಗಡಿಯಿಂದ ಬ್ಯಾಟರಿಯ ಗಾಳಿ ಪಂಪು ಮತ್ತು ಸಮುದ್ರದ ಉಪ್ಪಿನ ಪುಡಿ ಮೊದಲೇ ತಂದಿಟ್ಟುಕೊಂಡಿದ್ದೆ. ಮುಚ್ಚಳದ ಬಕೆಟ್ಟನ್ನು ಹಿಡಿದು ಲೋಕಲ್‌ನ ಲಗೇಜ್ ಡಬ್ಬಿ ಹತ್ತಿದೆ. ಖಾಲಿ ಬುಟ್ಟಿಗಳ ನಡುವೆ ಕೂತಿದ್ದ ಮೀನಿನ ಹೆಂಗಸು ಮುಚ್ಚಳ ಎತ್ತಿ ನೋಡಿ, ಎಷ್ಟಕ್ಕೆ ಕೊಡುತ್ತೀ ಎಂದಳು. ಮಾರಾಟಕ್ಕಲ್ಲ ಎಂದೆ. ಒಬ್ಬಳೇ ತಿನ್ನುತ್ತೀಯಾ ಎಂದು ನಕ್ಕಳು. ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ಬಕೆಟ್ಟಿನ ಮೇಲೆ ದುಪಟ್ಟಾ ಹೊದಿಸಿದ್ದೆ.

ಅತ್ತೆ ವಾಕರ್ ಹಿಡಿದು ಬಾಗಿಲಿಗೆ ಬಂದರು. "ಏನದು?"

"ಏಡಿ."

"ಹೊರಗ ಇಡು."

"ಹೊರಗ ಇಟ್ಟರ ಮನಿ ಬಿಡಿಸ್ತಾರ್ರಿ ಅತ್ತಿ."

"ಒಳಗ ಇಟ್ರ ನಾನಽ ಬಿಟ್ಟ ಹೋಗ್ತೀನಿ."

ಎಲ್ಲಿಗೆ ಹೋಗುತ್ತಾರೆ, ಲಿಫ್ಟ್ ಇಲ್ಲವಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವರಿಗೇ ಮೊದಲು ನಗು ಬಂತು. ಕೊನೆಗೆ ದೇವರ ಗೂಡಿನಿಂದ ದೂರ, ನಾವು ಬಟ್ಟೆ ಒಗೆಯಲು ಮಾತ್ರ ಬಳಸುವ ಸಣ್ಣ ಬಾತ್‌ರೂಮಿನಲ್ಲಿ ಟಬ್ ಇಡಲು ಒಪ್ಪಿಗೆಯಾಯಿತು. ಏಡಿ ಏನು ತಿನ್ನುತ್ತದೆ, ಮೀನೇ ತರುತ್ತೀಯಾ ಎಂದು ಕೇಳಿದರು. ಈಗೇನೂ ತಿನ್ನುವುದಿಲ್ಲ, ಚಿಪ್ಪು ಬಿಡುವ ಮುಂಚೆ ಅದು ಉಪವಾಸ ಇರುತ್ತದೆ ಎಂದೆ.

"ಶ್ರಾವಣ ಹಿಡದೈತೇನು?" ಎಂದರು. ಆ ಮಾತಿನ ನಂತರ ಅವರಿಗೆ ಅದರ ಮೇಲಿನ ಕೋಪ ಅರ್ಧ ಇಳಿಯಿತು.

ಉಳಿದರ್ಧ ಎರಡೇ ದಿನದಲ್ಲಿ ಇಳಿಯಿತು. ಸಂಜೆ ಬಂದರೆ ಅತ್ತೆ ಬಾತ್‌ರೂಮಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಹೊರಗೆ ಚಪ್ಪಲಿ ಬಿಡುವಾಗಲೇ ಅವರ ದನಿ ಕೇಳುತ್ತಿತ್ತು. ಊರಿನ ಸುದ್ದಿ, ತವರಿನ ಸುದ್ದಿ, ಸೊಸೆ ಪಲ್ಯಕ್ಕೆ ಉಪ್ಪು ಕಡಿಮೆ ಹಾಕುವ ಸುದ್ದಿ. ಏಡಿ ಎದುರಾಡುವುದಿಲ್ಲ, ಎದ್ದು ಕುಕ್ಕರ್ ಇಡಲು ಹೋಗುವುದೂ ಇಲ್ಲ. ನನಗಿಂತ ಎಷ್ಟೋ ವಾಸಿ. ನನಗೆ ಕೇಳಿಸಿದ್ದು ಅವರಿಗೂ ತಿಳಿಯುತ್ತಿತ್ತು. ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ.

ಒಮ್ಮೆ ಸೆಕ್ರೆಟರಿ ಬಾಗಿಲಿಗೆ ಬಂದು, "ಭಾಭೀ, ಕುಛ್ ಸ್ಮೆಲ್ ಆ ರಹಾ ಹೈ" ಎಂದು ಮೂಗು ಎಳೆದರು. ಏಡಿಯಿಂದ ವಾಸನೆ ಬರುತ್ತಿರಲಿಲ್ಲ, ಬಂದದ್ದು ಕೆಳಗಿನ ಗಟಾರದ್ದು. ಆದರೂ ನಾನು ಬಾಗಿಲಿಗೆ ಅಡ್ಡವಾಗಿ ನಿಂತೆ. ಅತ್ತೆ ಒಳಗಿನಿಂದ ದೊಡ್ಡ ದನಿಯಲ್ಲಿ ಕನ್ನಡದಲ್ಲಿ ಏನೋ ಹೇಳುತ್ತ ಊದುಬತ್ತಿ ಹಿಡಿದುಕೊಂಡು ಬಂದರು. ಹಣೆಯ ತುಂಬ ವಿಭೂತಿ ಬಳಿದುಕೊಂಡಿದ್ದ ಅವರನ್ನು ನೋಡಿ ಸೆಕ್ರೆಟರಿ ಕೈ ಮುಗಿದು ಹೋದರು.

ಚಿಪ್ಪು ಬಿಡುವುದೆಂದರೆ ಹೇಗೆ ಎಂದು ಅತ್ತೆ ಕೇಳಿದ್ದರು. ನಾನು ಅವಸರದಲ್ಲಿದ್ದೆ. "ಹಾವು ಪೊರಿ ಬಿಡೂದಿಲ್ಲೇನ್ರಿ, ಹಂಗ" ಎಂದು ಹೇಳಿ ಸ್ಟೇಶನ್ನಿಗೆ ಓಡಿದೆ.

ಶ್ರಾವಣದ ಒಂದು ಸೋಮವಾರ ಪ್ರಾಜೆಕ್ಟುಗಳ ಬಗ್ಗೆ ಮೀಟಿಂಗ್ ಇದೆ, ಬರಲೇಬೇಕು ಎಂದು ಕರೆ ಬಂತು. ಬೆಳಿಗ್ಗೆ ಏಡಿಯನ್ನು ನೋಡಿದರೆ ಹಿಂಭಾಗದ ಸಂದಿನಲ್ಲಿ ಸಣ್ಣ ಬಿರುಕು. ಹೋಗುವುದೋ ಬಿಡುವುದೋ ಎಂದು ಟಬ್ಬಿನ ಮುಂದೆ ನಿಂತೇ ಇದ್ದೆ. ಹೋಗದಿದ್ದರೆ ಪ್ರಾಜೆಕ್ಟೇ ಇಲ್ಲ, ಹೋದರೆ ಏಡಿಯ ಬಳಿ ಯಾರೂ ಇಲ್ಲ. "ನಾ ಇಲ್ಲೇನು? ಎಲ್ಲಿಗೆ ಹೋಗ್ತೀನಿ?" ಎಂದರು ಅತ್ತೆ. ಪೊರೆ ಬಿಟ್ಟ ಕೂಡಲೇ ನನಗೆ ಫೋನು ಮಾಡಿ, ಏಡಿಯನ್ನು ಮುಟ್ಟಬೇಡಿ ಎಂದು ಹೇಳಿ ಹೊರಟೆ.

ಮೀಟಿಂಗಿನಲ್ಲಿ ನಡೆದದ್ದು ಇಷ್ಟೇ: ಅದೊಂದು ಏಡಿಯ ಕಿವಿರು ಈ ವಾರ ಕೈಗೆ ಬಂದರೆ ಮುಂದಿನ ಅವಧಿಗೆ ಮಂಜೂರಾತಿ ಖಂಡಿತ ಎಂದರು ಗೈಡ್. ಅವರು ಕೆಟ್ಟವರಲ್ಲ. ಅವರ ಮೇಲೂ ಯಾರೋ ಕೂತಿದ್ದರು. ನಾನು ಗೆದ್ದೆ ಎಂದುಕೊಂಡೇ ವಾಪಸ್ಸು ಲೋಕಲ್ ಹತ್ತಿದೆ. ಮಾಟುಂಗಾ ರೋಡ್ ದಾಟಿದ ಮೇಲೆ ಗಾಡಿ ನಿಂತಿತು. ಹಳಿಯ ಮೇಲೆ ನೀರು ಏರಿತ್ತು. ಲೇಡೀಸ್ ಡಬ್ಬಿಯಲ್ಲಿ ಕಾಲು ಎತ್ತಿದರೆ ಮತ್ತೆ ಅದೇ ಜಾಗಕ್ಕೆ ಇಡಲಾಗದಷ್ಟು ಜನ. ಮಳೆ ಒಳಗೆ ಹೊಡೆಯುತ್ತದೆಂದು ಕಿಟಕಿ ಮುಚ್ಚಿದ್ದರು. ಕರೆಂಟು ಹೋಗಿ ಫ್ಯಾನುಗಳು ನಿಂತವು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು.

"ತಂಗಿ, ಕೇಳಾಕತ್ತೈತೇನು? ಮೋರ್ಯಾಗಿಂದ ಇನ್ನೊಂದ ಏಡಿ ಬಂದೈತಿ!"

"ಏನಂದ್ರಿ?"

"ಮೋರಿ ಮ್ಯಾಲಿನ ಜಾಳಗಿ ಸರದಿತ್ತು. ಅದು ಬಂದು ನಮ್ಮದರ ಜೋಡಿ ಬಡದಾಡೈತಿ ನೋಡು. ಬಂದದ್ದ ಸತ್ತ ಬಿದ್ದೈತಿ. ನಮ್ಮದು ಗಟ್ಟಿ, ಹಂಗಽ ಕುಂತೈತಿ, ಕಾಲ ಅಲ್ಲಾಡಸಾಕತ್ತೈತಿ."

ಚಿಪ್ಪು ಕಳಚಿದೆ ಎಂದು ಒಂದು ಕ್ಷಣ ಕುಣಿಯುವಷ್ಟು ಸಂತೋಷವಾಯಿತು. ಮರುಕ್ಷಣ ಅವರ ಮಾತಿನ ಉಳಿದದ್ದು ತಲೆಗೆ ಹೋಯಿತು. "ಸತ್ತದ್ದು ಹ್ಯಾಂಗೈತ್ರಿ?" ಎಂದೆ.

"ಮೈಯೆಲ್ಲ ಮೆತ್ತಗ. ಒತ್ತಿದ್ರ ಬೆರಳ ಒಳಗ ಹೋಗ್ತೈತಿ. ಕೊಳ್ಯಾಕ ಹತ್ತೈತಿ ಅನಸ್ತೈತಿ. ನಾರೂಕಿಂತ ಮದ್ಲ ಪತ್ರಿ ಗಿಡದಾಗ ಮಣ್ಣ ಮಾಡ್ತೀನಿ. ಶ್ರಾವಣ ಸ್ವಾಮಾರ, ಸತ್ತ ಜೀವಾನ ಕಸದ ಡಬ್ಬ್ಯಾಗ ಹ್ಯಾಂಗ ಒಗೀಲಿ? ನಿಮ್ಮ ಸೆಕ್ರೆಟರಿ ಡಬ್ಬಿನೂ ಮೂಸ್ತಾನ."

"ಅತ್ತಿ, ಅದು ಸತ್ತಿಲ್ಲ! ಮಣ್ಣ ಮಾಡಬ್ಯಾಡ್ರಿ! ಅದಕ್ಕ ಜೀವ ಐತಿ!" ಎಂದು ಕೂಗಿದೆ. ಫೋನು ಎಷ್ಟು ಹೊತ್ತಿನ ಹಿಂದೆ ಕಟ್ಟಾಗಿತ್ತೋ. ಮತ್ತೆ ಹಚ್ಚಿದರೆ ಗಂಟೆ ಬಾರಿಸಿ ಬಾರಿಸಿ ನಿಂತಿತು. ಅದರ ನಂತರ ಹಚ್ಚಿದಾಗ ಸ್ವಿಚ್ ಆಫ್. ಅವರು ಅದನ್ನು ಚಾರ್ಜಿಗೆ ಹಾಕುವುದನ್ನು ಯಾವಾಗಲೂ ಮರೆಯುತ್ತಿದ್ದರು.

ನನ್ನ ಭುಜಕ್ಕೆ ಒತ್ತಿಕೊಂಡು ನಿಂತಿದ್ದ ಆಫೀಸಿನ ಬ್ಯಾಗಿನ ತರುಣಿ ಬಿಳುಪೇರಿದ ಮುಖದಿಂದ ನನ್ನನ್ನೇ ನೋಡುತ್ತಿದ್ದಳು. "ಆಂಟಿ, ನನಗೆ ಥೋಡಾ ಥೋಡಾ ಕನ್ನಡ ತಿಳೀತದೆ. ಯಾರಿಗೆ... ಜಿಂದಾ... ಮಣ್ಣು ಮಾಡ್ತಿದ್ದಾರೆ? ಪೊಲೀಸಿಗೆ ಫೋನ್ ಮಾಡಲಾ?"

"ಏಡಿಗೆ" ಎಂದೆ. ಅವಳಿಗೆ ತಿಳಿಯಲಿಲ್ಲ. "ಕೇಕಡಾ" ಎಂದೆ. ತಿಳಿಯಿತು. ಆ ಇಕ್ಕಟ್ಟಿನಲ್ಲಿಯೂ ಅವಳು ನನ್ನಿಂದ ಒಂದಿಷ್ಟು ದೂರ ಸರಿದು ನಿಂತಳು.

ನಗು ಬರುವಂಥ ಸಂಗತಿಯೇ. ಆಗ ನಗು ಬರಲಿಲ್ಲ. ಖಾಲಿ ಚಿಪ್ಪು ಗಾಳಿಯ ಗುಳ್ಳೆಗಳ ಸೆಳೆತಕ್ಕೆ ಕಾಲು ಅಲ್ಲಾಡಿಸುತ್ತ ಟಬ್ಬಿನಲ್ಲಿ ಕೂತಿದೆ, ಜೀವವಿರುವುದು ಮಣ್ಣಿಗೆ ಹೋಗುತ್ತಿದೆ, ನಾನು ಇಲ್ಲಿ ಕೈ ಎತ್ತಿ ಬೆವರು ಒರೆಸಿಕೊಳ್ಳಲೂ ಆಗದೆ ನಿಂತಿದ್ದೇನೆ. ತಪ್ಪು ಅವರದೇನಿತ್ತು? ಏಡಿಯನ್ನು ತಿನ್ನುವವರ ಮನೆಯಲ್ಲಿ ಯಾರಿಗೂ ಇಂಥ ತಪ್ಪು ಆಗುವುದಿಲ್ಲ. ಕೈಗೆತ್ತಿಕೊಂಡರೆ ಯಾವುದು ಪೊಳ್ಳು ಯಾವುದು ತುಂಬಿದ್ದು ಎಂದು ತೂಕದಲ್ಲೇ ಗೊತ್ತಾಗುತ್ತದೆ. ನಮ್ಮ ಅತ್ತೆ ಹುಟ್ಟಿದಾಗಿನಿಂದ ಏಡಿ ಮುಟ್ಟಿದವರಲ್ಲ. ಪೊರೆ ಎಂದರೆ ಅವರ ಕಣ್ಣಲ್ಲಿ ಹಾವಿನ ಪೊರೆ, ಅರಿವೆಯಂಥ ತೆಳ್ಳನೆಯದು. ಅದನ್ನು ಹುಡುಕಿರುತ್ತಾರೆ, ಸಿಕ್ಕಿರುವುದಿಲ್ಲ.

ಪಕ್ಕದ ಮನೆಯವರ ಹತ್ತಿರ ನಮ್ಮ ಕೀಲಿಯಿತ್ತು, ಅವರ ನಂಬರು ನನ್ನ ಬಳಿಯಿತ್ತು. ಒಂದು ಫೋನು ಮಾಡಿದರೆ ಅವರು ಓಡಿ ಹೋಗಿ ಅತ್ತೆಯನ್ನು ತಡೆಯುತ್ತಿದ್ದರು, ತಡೆದು ಬಾತ್‌ರೂಮಿನಲ್ಲಿ ಏಡಿಯನ್ನೂ ನೋಡುತ್ತಿದ್ದರು. ಸಂಜೆಯೊಳಗೆ ಸೆಕ್ರೆಟರಿ, ತಿಂಗಳೊಳಗೆ ಮನೆ ಖಾಲಿ. ಮೆಟ್ಟಿಲಿಳಿಯಲಾಗದ ಅತ್ತೆಯನ್ನು ಕಟ್ಟಿಕೊಂಡು ಮಳೆಯಲ್ಲಿ ಯಾವ ಮನೆ ಹುಡುಕಲಿ? ಅತ್ತ ದರಿ, ಇತ್ತ ಪುಲಿ. ನಂಬರಿನ ಮೇಲೆ ಬೆರಳಿಟ್ಟೆ, ತೆಗೆದೆ, ಮತ್ತೆ ಇಟ್ಟೆ. ಕೊನೆಗೆ ಫೋನನ್ನು ಪರ್ಸಿಗೆ ಹಾಕಿಕೊಂಡೆ. ಮೈಯ ಸುತ್ತ ಒದ್ದೆ ಮೈಗಳು, ಹೊರಗೆ ನೀರು. ಜೋರಾಗಿ ಅಳಬೇಕೆನಿಸಿತು, ಅಳಲು ಎದೆ ಉಬ್ಬಿಸುವಷ್ಟು ಜಾಗವೂ ಇರಲಿಲ್ಲ.

ಗಾಡಿ ಬಹಳ ಹೊತ್ತಿನ ಮೇಲೆ ತೆವಳಿತು. ಕಾಂದಿವಲಿ ಸ್ಟೇಶನ್ನಿನಿಂದ ಮೊಣಕಾಲುದ್ದದ ನೀರಿನಲ್ಲಿ ನಡೆದು, ಮೆಟ್ಟಿಲು ಹತ್ತಿ ಬಾಗಿಲು ತೆಗೆದಾಗ ಸಂಜೆಯ ಬೆಳಕು ಇನ್ನೂ ಇತ್ತು. ಅತ್ತೆ ಅದೇ ಕುರ್ಚಿಯಲ್ಲಿ ಕೂತು ಟಬ್ಬಿನೊಳಗಿನದಕ್ಕೆ ಏನೋ ಹೇಳುತ್ತಿದ್ದರು. "ಬಾ, ಗೆದ್ದೈತಿ ನೋಡು ನಿನ್ನ ಏಡಿ" ಎಂದರು.

ನಾನು ಬ್ಯಾಗ್ ಎಸೆದು ಬಾಲ್ಕನಿಗೆ ಹೋದೆ. ಪತ್ರಿ ಗಿಡದ ಬುಡದಲ್ಲಿ ಮಣ್ಣು ಹೊಸದಾಗಿ ತಟ್ಟಿತ್ತು. ಮೇಲೆ ವಿಭೂತಿ, ಒಂದು ಪತ್ರಿ ಎಲೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣಿಗಿಡುತ್ತೇವೆ. ಅವರು ಗೊತ್ತಿದ್ದ ಮರ್ಯಾದೆಯನ್ನೆಲ್ಲ ಮಾಡಿದ್ದರು. ಒಂದು ತಂಬಿಗೆ ನೀರನ್ನೂ ಹಾಕಿದ್ದರು. ಎರಡೂ ಕೈಯಿಂದ ತೋಡಿದೆ. ಕಾಲು ಮಡಚಿಕೊಂಡು, ಗೊಬ್ಬರ ಮೆತ್ತಿಕೊಂಡು ಏಡಿ ಕೂತಿತ್ತು. ಟಬ್ಬಿನ ನೀರಿನಲ್ಲಿ ಮೆಲ್ಲಗೆ ಅದ್ದಿ ತೊಳೆದೆ. ಬಾಯಿಯ ಬಳಿಯ ಸಣ್ಣ ಕಾಲುಗಳು ಅಲ್ಲಾಡಿದವು. ಒಂದು ಗುಳ್ಳೆ ಬಂತು, ಇನ್ನೊಂದು ಬಂತು.

"ಯವ್ವಾ, ಜೀವ ಐತಿ!" ಎಂದು ಅತ್ತೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನಾನು ಟಬ್ಬಿನಲ್ಲಿದ್ದ ಚಿಪ್ಪನ್ನು ಎತ್ತಿ, ಹಿಂಭಾಗದ ಸಂದಿನಿಂದ ಒಳಗಿನ ಟೊಳ್ಳನ್ನು ತೋರಿಸಿದೆ. ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಹಂಗಾರ ಮಧ್ಯಾನದಿಂದ ನಾ ಯಾರ ಜೋಡಿ ಮಾತಾಡಿದೆ?" ಎಂದರು.

ಏಡಿ ಬದುಕಿತ್ತು. ನನ್ನ ಕೆಲಸ ಸತ್ತಿತ್ತು. ಚಿಪ್ಪು ಕಳಚಿದ ಮೇಲೆ ಅದು ನಾನು ಅಳೆದಿಟ್ಟ ನೀರಿನಲ್ಲೇ ಇರಬೇಕಿತ್ತು. ಅರ್ಧ ದಿನ ಗೊಬ್ಬರದ ಮಣ್ಣು, ನಲ್ಲಿಯ ನೀರು, ವಿಭೂತಿ ಎಲ್ಲ ಕುಡಿದ ಕಿವಿರು ಯಾವ ಪ್ರಶ್ನೆಗೆ ಉತ್ತರ ಹೇಳುತ್ತದೆ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಗೈಡ್ ಅವರ ಮೆಸೇಜು ಬಂತು, ಆಯಿತೇ ಎಂದು. ಆಯಿತು ಎಂದು ಬರೆದುಬಿಡಬಹುದಿತ್ತು. ಮಣ್ಣಿನ ಸಂಗತಿ ಬಲ್ಲವರು ಇಬ್ಬರೇ, ಅವರಲ್ಲೊಬ್ಬರಿಗೆ ಅದರ ಅರ್ಥವೂ ತಿಳಿಯದು. ಹಾಗೆ ಮಾಡಲು ಮನಸ್ಸು ಬರಲಿಲ್ಲ ಎಂದು ದೊಡ್ಡಸ್ತಿಕೆಯಿಂದ ಹೇಳಲಾರೆ. ಮನಸ್ಸು ಬಂದಿತ್ತು. ಕೈ ಬರಲಿಲ್ಲ.

ಟಬ್ಬಿನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ. "ಇನ್ನ ಇದನ್ನ ಏನ ಮಾಡ್ತಿ?" ಎಂದು ಅತ್ತೆ ಖುಷಿಯಿಂದ ಕೇಳಿದರು. ಸುತ್ತಿ ಬಳಸಿ ಹೇಳುವ ತ್ರಾಣ ನನಗಿರಲಿಲ್ಲ. ಚಿಪ್ಪು ಬಿಟ್ಟ ಮೇಲೆ ಅದನ್ನು ಐಸಿನಲ್ಲಿಟ್ಟು, ಮರಗಟ್ಟಿದ ಮೇಲೆ ಕೊಯ್ದು ಕಿವಿರು ತೆಗೆಯುವುದಿತ್ತು ಎಂದೆ. ಅದಾಗದಿದ್ದರೆ ಲ್ಯಾಬಿನ ಕೆಲಸ ಮುಗಿಯಿತು, ಕೋಚಿಂಗ್ ಕ್ಲಾಸಿಗೆ ಹೋಗಬೇಕು ಎಂದೂ ಹೇಳಿದೆ. ಹೇಳುತ್ತಲೇ ಅಳು ಬಂತು. ಲೋಕಲ್‌ನಲ್ಲಿ ತಡೆದದ್ದೆಲ್ಲ ಬಂತು.

ಅತ್ತೆ ಟಬ್ಬಿನತ್ತ ತಿರುಗಿದರು. ಇಷ್ಟು ದಿನ ಯಾವ ಜೀವದೊಡನೆ ಕಷ್ಟಸುಖ ಹೇಳಿಕೊಂಡಿದ್ದರೋ ಅದನ್ನು ಸೊಸೆ ಕೊಯ್ಯಲೆಂದೇ ತಂದಿಟ್ಟಿದ್ದಳು ಎಂಬುದು ಅವರಿಗೆ ಈಗ ತಿಳಿಯುತ್ತಿತ್ತು. ಬಯ್ಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ವಾಕರ್ ಹಿಡಿದು ಎದ್ದರು. ಟಕ್ ಟಕ್ ಎಂದು ಅಡಿಗೆಮನೆಗೆ ಹೋದ ಸದ್ದು, ಫ್ರಿಜ್ಜಿನ ಬಾಗಿಲು ತೆಗೆದ ಸದ್ದು. ತಿರುಗಿ ಬಂದಾಗ ವಾಕರಿನ ಹಿಡಿಕೆಯ ಜೊತೆ ಐಸಿನ ಟ್ರೇಯನ್ನೂ ಒತ್ತಿ ಹಿಡಿದಿದ್ದರು. ವಾಕರ್ ಹಿಡಿದು ನಿಂತಾಗ ಬಗ್ಗಲಾಗದು, ಆದ್ದರಿಂದ ಅದನ್ನು ನನ್ನ ಮಡಿಲಿಗೆ ಹಾಕಿದರು.

"ಕೊಯ್ಯಿ" ಎಂದರು. "ಪಾಪ ನನಗ ಬರಲಿ. ನಾ ಇನ್ನ ಎಲ್ಲಿ ಹೋಗಾಕಿ? ನೀ ನನ್ನಂಗ ಹಿಂಗ ಕೋಣ್ಯಾಗ ಕುಂದರಬ್ಯಾಡ."

ಮೊಟ್ಟೆಯ ಮಾತು ಬಂದರೆ ಬಾಯಿ ತೊಳೆದುಕೊಳ್ಳುವ ಹೆಂಗಸು. ಸೋಮವಾರದ ಉಪವಾಸವನ್ನು ಇನ್ನೂ ಬಿಟ್ಟಿರಲಿಲ್ಲ. ಐಸು ನನ್ನ ಮಡಿಲಲ್ಲಿ ಕರಗಿ ಚೂಡಿದಾರ ಒದ್ದೆಯಾಗುತ್ತಿತ್ತು. ಕೊಯ್ದರೂ ಉಪಯೋಗವಿಲ್ಲ ಅತ್ತಿ, ನೀವು ಮಣ್ಣು ಮಾಡಿದ ಗಳಿಗೆಯಲ್ಲೇ ಎಲ್ಲ ಮುಗಿದಿದೆ ಎಂದು ಹೇಳಬೇಕಿತ್ತು. ಆ ಮಾತನ್ನು ಹೊತ್ತುಕೊಂಡು ಅವರು ಆ ಎರಡು ಕೋಣೆಗಳಲ್ಲಿ ಹಗಲೆಲ್ಲ ಒಬ್ಬರೇ ಕೂರಬೇಕಿತ್ತು. ಅವರ ಮುಖ ನೋಡಿದೆ, ನನ್ನಿಂದಾಗಲಿಲ್ಲ.

"ಬ್ಯಾಡ್ರಿ ಅತ್ತಿ" ಎಂದೆ. "ಮಣ್ಣಾಗಿಂದನೂ ಬದುಕಿ ಬಂತಲ್ಲ. ಅದನ್ನ ಬರದ ಕೊಟ್ರ ಸಾಕು. ನನ್ನ ಕೆಲಸ ಆತು."

"ಖರೇನ?"

"ಖರೇರಿ."

ಅವರು ಕುರ್ಚಿಯಲ್ಲಿ ಕುಸಿದು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹೊಸ ಚಿಪ್ಪು ಗಟ್ಟಿಯಾದ ಮೇಲೆ ಆ ಏಡಿಯನ್ನು ಗೋರಾಯಿ ಖಾಡಿಯ ಕೆಸರಿಗೆ ಬಿಟ್ಟು ಬಂದೆ. ಗೈಡ್ ಅವರಿಗೆ ನಡೆದದ್ದನ್ನು ನಡೆದಂತೆ ಬರೆದೆ. ಮಂಜೂರಾತಿ ಬರಲಿಲ್ಲ. ಗಂಡನಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ಅಮ್ಮನಿಗೆ ತಿಳಿಯದಿರಲಿ ಎಂದ. ಅತ್ತೆ ಬೆಳಗಾವಿಯ ನೆಂಟರಿಗೆಲ್ಲ ಫೋನು ಮಾಡಿ, ತಮ್ಮ ಸೊಸೆ ಏಡಿ ಕೊಯ್ಯದೆಯೇ ಪಾಸಾದಳು, ತಾವು ಮಣ್ಣು ಮಾಡಿದ್ದೇ ಕೆಲಸಕ್ಕೆ ಬಂತು ಎಂದು ಹೇಳಿಕೊಂಡರು.

ಈಗ ಎರಡನೆಯ ಮಳೆಗಾಲ. ಇನ್ನೊಂದು ಮೊಣಕಾಲಿಗೂ ಆಪರೇಷನ್ ಆಗಿ ಅತ್ತೆ ಇಲ್ಲೇ ಇದ್ದಾರೆ. ಕೋಚಿಂಗ್ ಕ್ಲಾಸು ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆದರೂ ನಾನು ಮೊದಲು ಹಿಡಿಯುತ್ತಿದ್ದ ಲೋಕಲ್ಲಿನ ಹೊತ್ತಿಗೇ ಮನೆ ಬಿಡುತ್ತೇನೆ, ಕ್ಲಾಸು ತೆರೆಯುವವರೆಗೆ ಸ್ಟೇಶನ್ನಿನ ಬೆಂಚಿನ ಮೇಲೆ ಕೂರುತ್ತೇನೆ. ಸಂಜೆ ಪಾಠ ಮುಗಿದ ಮೇಲೂ ಅಲ್ಲಿಯೇ ಹೊತ್ತು ಕಳೆದು, ಬೆರಳಿನ ಮಾರ್ಕರ್ ಕಲೆ ತಿಕ್ಕಿ ತೊಳೆದುಕೊಂಡು ಮೇಲೆ ಹೋಗುತ್ತೇನೆ. ಅತ್ತೆ ಬಾಗಿಲಲ್ಲೇ ಇರುತ್ತಾರೆ. ತಮ್ಮ ಸುದ್ದಿಗಿಂತ ಮೊದಲು ನನ್ನನ್ನು ಕೇಳುತ್ತಾರೆ:

"ಇವತ್ತ ಹ್ಯಾಂಗದಾವ ನಿನ್ನ ಏಡಿ?"

"ಎಲ್ಲಾ ಬದುಕ್ಯಾವ್ರಿ ಅತ್ತಿ" ಎನ್ನುತ್ತೇನೆ.